ಕೆಲಸದ ಮಾಹಿತಿ ಒಂದೆಡೆ ಸೇರಲಿ

ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಮುಂದೆ ಯಾವ ಕೆಲಸ ಕಲಿತರೆ ಒಳ್ಳೆಯದು? ಇದಕ್ಕೆ ಬೇಕಾದ ಮಾಹಿತಿ ಸರ್ಕಾರದ ಬಳಿ ಇದೆ, ಆದರೆ ಚೂರುಚೂರಾಗಿ ಹಂಚಿಹೋಗಿದೆ. ನೇಕಾರರ ವಿವರ ಕೈಮಗ್ಗ ಮತ್ತು ಜವಳಿ ಇಲಾಖೆಯಲ್ಲಿ, ಕಲ್ಲು ಗಣಿಗಳ ಗುತ್ತಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ, ಕೆಲಸ ಹುಡುಕುವವರ ಹೆಸರು ಉದ್ಯೋಗ ವಿನಿಮಯ ಕಚೇರಿಯಲ್ಲಿ, ತರಬೇತಿಯ ಸೀಟುಗಳ ಲೆಕ್ಕ ಐಟಿಐಯಲ್ಲಿ. ಇವೆಲ್ಲ ಕೂಡಿದಾಗ ಮಾತ್ರ ಆ ಹುಡುಗಿಗೆ ದಾರಿ ಕಾಣುತ್ತದೆ.

ಕಾನೂನಿನ ಕಣ್ಣಿಗೆ ಬೀಳದ ದುಡಿಮೆ

ಭಾರತದಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ಜಾಲ ಶುರುವಾದದ್ದು 1945ರಲ್ಲಿ, ಯುದ್ಧ ಮುಗಿಸಿ ಬಂದ ಸೈನಿಕರಿಗೆ ಕೆಲಸ ಹುಡುಕಿಕೊಡಲು. 1956ರಲ್ಲಿ ಅವುಗಳ ಆಡಳಿತ ರಾಜ್ಯಗಳ ಕೈಗೆ ಬಂತು. ಸರ್ಕಾರಿ ಸಂಸ್ಥೆಗಳು, ಹಾಗೂ 25 ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಕಚೇರಿಗೆ ತಿಳಿಸಬೇಕೆಂದು 1959ರ ಕಾಯ್ದೆ ಹೇಳಿತು.

ಬಾಗಲಕೋಟೆ ಜಿಲ್ಲೆಯ ದುಡಿಮೆಯ ಬಹುಪಾಲು ಈ ಲೆಕ್ಕಕ್ಕೆ ಸಿಗುವುದಿಲ್ಲ. ಇಳಕಲ್ಲಿನ ನೇಕಾರರ ಮನೆಯಲ್ಲಿ ‘ಖಾಲಿ ಹುದ್ದೆ’ ಎಂಬುದೇ ಇಲ್ಲ. ಮನೆಮಂದಿಯೆಲ್ಲ ಸೇರಿ ಸೀರೆ ಮಾಡುತ್ತಾರೆ. ಬಾದಾಮಿಯ ಗೈಡ್‌ಗೆ ಬೇಸಿಗೆಯಲ್ಲಿ ಕೆಲಸ ಕಡಿಮೆ, ಚಳಿಗಾಲದಲ್ಲಿ ಹೆಚ್ಚು. ಕಾರ್ಖಾನೆ, ಕಚೇರಿಗಳ ಹುದ್ದೆ ಎಣಿಸಿದರೆ ಈ ಜನ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ ಅವರನ್ನು ಬಲ್ಲ ಇಲಾಖೆಗಳು ತಮ್ಮ ಮಾಹಿತಿಯನ್ನು ಹಂಚಿಕೊಳ್ಳಬೇಕು.

ಎಲ್ಲರಿಗೂ ಒಂದೇ ಸಂಕೇತ

ಹಂಚಿಕೊಳ್ಳಲು ಮೊದಲು ಕೆಲಸವನ್ನು ಎಲ್ಲರೂ ಒಂದೇ ಹೆಸರಿನಿಂದ ಗುರುತಿಸಬೇಕು. ಅದಕ್ಕೆಂದೇ ಇರುವುದು ರಾಷ್ಟ್ರೀಯ ವೃತ್ತಿ ವರ್ಗೀಕರಣ. 2015ರ ಆವೃತ್ತಿಯಲ್ಲಿ ಪ್ರತಿ ವೃತ್ತಿಗೆ 8 ಅಂಕಿಗಳ ಸಂಕೇತವಿದೆ. ಮೊದಲ 4 ಅಂಕಿಗಳು ವೃತ್ತಿಯ ಕುಟುಂಬವನ್ನು ಹೇಳುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣಕ್ಕೂ ಇವು ಹೊಂದುತ್ತವೆ. ಕೈಮಗ್ಗದ ನೇಕಾರರು 7318ರಲ್ಲಿ, ವಿದ್ಯುತ್ ಮಗ್ಗ ನಡೆಸುವವರು 8152ರಲ್ಲಿ, ಕಲ್ಲು ಕಡಿದು ಕೆತ್ತುವವರು 7113ರಲ್ಲಿ, ಪ್ರವಾಸಿ ಮಾರ್ಗದರ್ಶಕರು 5113ರಲ್ಲಿ. ಜವಳಿ ಇಲಾಖೆ, ಐಟಿಐ, ಉದ್ಯೋಗ ಕಚೇರಿ ಮೂರೂ ಇದೇ ಸಂಕೇತ ಬರೆದರೆ ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಅರ್ಥವಾಗುತ್ತದೆ. ಇಲ್ಲದಿದ್ದರೆ ‘ನೇಕಾರ’ ಎಂಬ ಒಂದೇ ಪದದಡಿ ಕೈಮಗ್ಗದವರೂ ವಿದ್ಯುತ್ ಮಗ್ಗದವರೂ ಬೆರೆತು, ಯಾರಿಗೆ ಯಾವ ತರಬೇತಿ ಬೇಕೆಂಬುದೇ ತಿಳಿಯುವುದಿಲ್ಲ.

ಸಂಕೇತದಾಚೆಯ ಅರಿವು

ಆದರೂ ಸಂಕೇತವೊಂದೇ ಸಾಲದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಹೀಗೆ ಕೂಡಿಸಬೇಕಾದ್ದರಿಂದ ಒಂದೊಂದು ಸೀರೆಗೂ ಬೇರೆಯಾಗಿಯೇ ಹಾಸು ಸಿದ್ಧಪಡಿಸಬೇಕು. ಟೋಪ ತೆನಿ ಎಂಬ ಸೆರಗಿನ ಕೆಂಪು ರೇಷ್ಮೆ ಒಡಲಿಗೆ ಅಂಟಿ ನಿಲ್ಲುವುದು ಈ ಕೈಚಳಕದಿಂದ. 7318 ಎಂದು ಬರೆದರೆ ಕೊಂಡಿ ಬಲ್ಲವರು ಯಾರು, ಅದನ್ನು ಕಲಿಸಬಲ್ಲ ಹಿರಿಯರು ಎಲ್ಲಿದ್ದಾರೆ ಎಂಬುದು ತಿಳಿಯುವುದಿಲ್ಲ. ಅದನ್ನು ನೇಕಾರರ ಸಹಕಾರ ಸಂಘಗಳಿಂದಲೇ ಕೇಳಿ ಬರೆದುಕೊಳ್ಳಬೇಕು.

ಕೆಲಸದ ಅಪಾಯವೂ ಮಾಹಿತಿಯ ಭಾಗವೇ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಕ್ಕೆ ಹೋಗುತ್ತದೆ. ಅದನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ರೋಗ ಬರಬಹುದು. ಹಾನಿಗೊಂಡ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ. ನೀರು ಹಾಯಿಸುತ್ತ ಕೊರೆದರೆ ಧೂಳು ತಗ್ಗುತ್ತದೆ. ಕೂಲಿ ಎಷ್ಟೆಂದು ಹೇಳುವ ಹಾಳೆಯಲ್ಲೇ ಇದೂ ಇರಬೇಕು. ಆರೋಗ್ಯ ಇಲಾಖೆ ಮತ್ತು ಕಾರ್ಮಿಕ ಇಲಾಖೆ ಜೊತೆಗೂಡದೆ ಇದು ಆಗದು.

ಒಂದೇ ಮೇಜಿನ ಸುತ್ತ

ಅಮೆರಿಕದಲ್ಲಿ 1976ರ ಕಾನೂನು ವೃತ್ತಿ ಮಾಹಿತಿಗೆಂದೇ ರಾಷ್ಟ್ರಮಟ್ಟದಲ್ಲೂ ರಾಜ್ಯಗಳಲ್ಲೂ ಸಮನ್ವಯ ಸಮಿತಿಗಳನ್ನು ಹುಟ್ಟುಹಾಕಿತು. ಶಿಕ್ಷಣ, ಕಾರ್ಮಿಕ ಇಲಾಖೆಗಳು ಅಲ್ಲಿ ಜೊತೆಗೆ ಕೂತವು. ನಮ್ಮಲ್ಲೂ ನೆಲೆ ಸಿದ್ಧವಿದೆ. 2015ರಲ್ಲಿ ಕೇಂದ್ರದ ರಾಷ್ಟ್ರೀಯ ವೃತ್ತಿ ಸೇವೆ ಪೋರ್ಟಲ್ ಬಂತು. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿಗೆ ಪ್ರತ್ಯೇಕ ಇಲಾಖೆ ಆಯಿತು; 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಶುರುವಾಯಿತು. ಜಿಲ್ಲೆಯ ಮಟ್ಟದಲ್ಲಿ ಇಲಾಖೆಗಳನ್ನು ಕೂರಿಸಿ ಮಾತಾಡಿಸುವ ಹೊಣೆ ಜಿಲ್ಲಾಧಿಕಾರಿಯದು.

ಆ ಸಭೆಯಿಂದ ಹೊರಬರಬೇಕಾದ್ದು ದಪ್ಪ ವರದಿಯಲ್ಲ, ತಾಲ್ಲೂಕಿಗೊಂದು ಹಾಳೆ. ಅದರಲ್ಲಿ ಇಲ್ಲಿ ಇರುವ ಕೆಲಸಗಳು, ವರ್ಷದಲ್ಲಿ ಅವು ಸಿಗುವ ತಿಂಗಳುಗಳು, ಗಳಿಕೆ, ಅಪಾಯ, ಕಲಿಸುವ ಜಾಗ ಇಷ್ಟು ಇರಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆಯೇ ಅದು ಪ್ರತಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರ ಕೈಸೇರಲಿ, ಮಕ್ಕಳೂ ಪಾಲಕರೂ ಕೂತು ಓದಲಿ. ಇಲಾಖೆಗಳು ಕೂಡಿ ಕೆಲಸ ಮಾಡಿದವೋ ಇಲ್ಲವೋ ಎಂಬುದನ್ನು ಆ ಒಂದು ಹಾಳೆಯಿಂದಲೇ ಅಳೆಯಬಹುದು.