ಮೆಂತ್ಯದಿಂದ ಶುರು ಮಾಡಿ

ಕೈತೋಟದ ಆಸೆ ಇದೆ, ಗಿಡ ಸತ್ತುಹೋದ್ರೆ ಅಂತ ಭಯಾನಾ? ಹಾಗಿದ್ರೆ ಟೊಮೆಟೊ ತಂಟೆಗೆ ಈಗ್ಲೇ ಹೋಗ್ಬೇಡಿ.

ಅಡುಗೆಮನೆ ಡಬ್ಬಿಯಿಂದ ಒಂದು ಹಿಡಿ ಮೆಂತ್ಯಕಾಳು ತಗೊಂಡು ರಾತ್ರಿ ನೆನೆಹಾಕಿ. ಅರ್ಧ ಅಡಿ ಆಳದ ಹಳೇ ಟಬ್ ಸಾಕು, ತಳದಲ್ಲಿ ತೂತು ಮಾತ್ರ ಇರಲೇಬೇಕು. ಕೆಂಪು ಮಣ್ಣು, ಎರೆಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ತುಂಬಿ. ಕಾಳು ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ನೀರು ಚಿಮುಕಿಸಿ.

4-5 ದಿನದಲ್ಲಿ ಮೊಳಕೆ ಮಣ್ಣು ಎತ್ಕೊಂಡು ಮೇಲೆ ಬರುತ್ತೆ. ಕೆಲವಕ್ಕೆ ಕಾಳಿನ ಸಿಪ್ಪೆ ಇನ್ನೂ ತಲೆ ಮೇಲೇ ಇರುತ್ತೆ!

ಆಗ ಹೊತ್ತುಹೊತ್ತಿಗೂ ನೀರು ಹಾಕೋ ಹುಮ್ಮಸ್ಸು ಬರುತ್ತಲ್ಲ, ಅದೇ ಅಪಾಯ. ಬೆರಳು ಚುಚ್ಚಿ ನೋಡಿ. ಒಳಗೆ ತೇವ ಇದ್ರೆ ಇವತ್ತು ನೀರು ಬೇಡ. ನಾಲ್ಕೈದು ಗಂಟೆ ಬಿಸಿಲು ಬೀಳಲಿ.

25-30 ದಿನಕ್ಕೆ ಸೊಪ್ಪು ರೆಡಿ. ಬೇರುಸಹಿತ ಕೀಳ್ಬೇಡಿ, ಬುಡದಿಂದ ಎರಡಿಂಚು ಬಿಟ್ಟು ಕತ್ತರಿಸಿ. ಇನ್ನೊಂದು ಸಲ ಚಿಗುರುತ್ತೆ.