ಹೆಸರಿಲ್ಲದವರ ವಿಳಾಸ

ಮದ್ಯವನ್ನು ತ್ಯಜಿಸಬೇಕೆಂದು ನಿಶ್ಚಯಿಸಿದ ಮನುಷ್ಯನು, ತನ್ನಂತೆಯೇ ನೊಂದವರು ಊರಿನಲ್ಲಿ ಎಲ್ಲಿ ಸಭೆ ಸೇರುತ್ತಾರೆಂದು ಇಂದು ವಿಚಾರಿಸಿದರೆ, ಯಾವುದೋ ಶಾಲೆಯ ಕೊಠಡಿಯೋ ಚರ್ಚಿನ ಪಕ್ಕದ ಹಜಾರವೋ ವಾರ, ವೇಳೆ, ಭಾಷೆಗಳ ವಿವರಸಹಿತವಾಗಿ ಅವನಿಗೆ ತಿಳಿದುಬರುತ್ತದೆ. ಅಲ್ಲಿ ಸೇರುವವರ ಹೆಸರು ಮಾತ್ರ ತಿಳಿಯುವುದಿಲ್ಲ. ವಿಳಾಸವನ್ನು ಲೋಕಕ್ಕೆ ಸಾರಿ ಹೆಸರನ್ನು ಮರೆಮಾಡುವ ಈ ವಿಲಕ್ಷಣ ಪದ್ಧತಿಯ ಮೂಲವನ್ನು ಅರಸುತ್ತ ಹೋದರೆ ನಾವು ತಲಪುವುದು ಅಮೆರಿಕದ ಒಹಾಯೊ ಪ್ರಾಂತದಲ್ಲಿರುವ ಆಕ್ರನ್ ಎಂಬ ರಬ್ಬರ್ ಕಾರ್ಖಾನೆಗಳ ಪಟ್ಟಣವನ್ನು. ಅಲ್ಲಿನ ಒಂದು ಹೋಟೆಲಿನ ಮೊಗಸಾಲೆಯಲ್ಲಿದ್ದ ಟೆಲಿಫೋನನ್ನು.

ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಒಂದು ಕಾಲಕ್ಕೆ ಹಣವನ್ನೂ ಹೆಸರನ್ನೂ ಗಳಿಸಿದ್ದ ಬಿಲ್ ವಿಲ್ಸನ್ ಎಂಬಾತನು, ಕುಡಿತದಿಂದ ಅವೆರಡನ್ನೂ ಕಳೆದುಕೊಂಡು, 1934ರ ಡಿಸೆಂಬರಿನಲ್ಲಿ ಟೌನ್ಸ್ ಆಸ್ಪತ್ರೆಯನ್ನು ಮತ್ತೊಮ್ಮೆ ಸೇರಿ, ಅಲ್ಲಿಂದ ಹೊರಬಂದವನು ಮರಳಿ ಮದ್ಯವನ್ನು ಮುಟ್ಟಲಿಲ್ಲ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗದ ಪ್ರಭಾವಕ್ಕೆ ಒಳಗಾಗಿದ್ದ ಆತನು ಕೆಲವು ತಿಂಗಳ ಕಾಲ ಕಂಡ ಕಂಡ ಕುಡುಕರಿಗೆಲ್ಲ ಉಪದೇಶಮಾಡುತ್ತ ತಿರುಗಿದನಾದರೂ ಅವರಲ್ಲಿ ಒಬ್ಬನೂ ಕುಡಿತವನ್ನು ಬಿಡಲಿಲ್ಲ. ಹತಾಶನಾದ ಗಂಡನಿಗೆ ಹೆಂಡತಿ ಲೋಯಿಸ್ ಒಂದು ಸಂಗತಿಯನ್ನು ತೋರಿಸಿಕೊಟ್ಟಳು: ಕೇಳಿದವರಾರೂ ಬಿಡದಿದ್ದರೂ ಹೇಳಿದವನು ಕುಡಿಯದೆ ಉಳಿದಿದ್ದಾನಷ್ಟೆ! ಆಸ್ಪತ್ರೆಯ ವೈದ್ಯರಾದ ವಿಲಿಯಂ ಸಿಲ್ಕ್‌ವರ್ತ್ ಅವರ ಸಲಹೆಯೂ ಇದಕ್ಕೆ ಪೂರಕವಾಗಿತ್ತು. ಕುಡಿತವು ಶೀಲದ ದೋಷವೆಂಬುದಕ್ಕಿಂತ ದೇಹಮನಸ್ಸುಗಳ ವ್ಯಾಧಿ. ಆದುದರಿಂದ ಉಪದೇಶವನ್ನು ಬದಿಗಿಟ್ಟು ಆ ವ್ಯಾಧಿಯ ಸ್ವರೂಪವನ್ನು ಮೊದಲು ತಿಳಿಸಬೇಕೆಂಬುದು ಅವರ ಮತ.

1935ರ ಮೇ ತಿಂಗಳಲ್ಲಿ, ಕಂಪನಿಯೊಂದರ ಆಡಳಿತಾಧಿಕಾರಕ್ಕಾಗಿ ನಡೆದ ಸೆಣಸಿನಲ್ಲಿ ಸೋತು, ಆಕ್ರನ್ನಿನ ಮೇಫ್ಲವರ್ ಹೋಟೆಲಿನಲ್ಲಿ ಒಂಟಿಯಾಗಿ ಉಳಿದಿದ್ದ ವಿಲ್ಸನ್ನನಿಗೆ ಮೊಗಸಾಲೆಯ ಒಂದು ಕಡೆಯಿಂದ ಪಾನಗೃಹದ ಕಲರವವು ಕೇಳಿಬರುತ್ತಿತ್ತು. ಮತ್ತೊಂದು ಕಡೆ ಊರಿನ ಚರ್ಚುಗಳ ಪಟ್ಟಿಯೂ ಟೆಲಿಫೋನೂ ಇದ್ದುವು. ತಾನು ಕುಡಿಯದೆ ಉಳಿಯಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತನಾಡಲೇಬೇಕೆಂದು ನಿಶ್ಚಯಿಸಿದ ಆತನು ಪಟ್ಟಿಯಲ್ಲಿದ್ದ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನ್ ಮಾಡಿ, ಅವರು ಸೂಚಿಸಿದವರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತ, ಕಡೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿದನು. ಮರುದಿನ, ಮೇ 12ರಂದು, ಆಕೆಯ ನಿವಾಸದಲ್ಲಿ ಶಸ್ತ್ರವೈದ್ಯ ಬಾಬ್ ಸ್ಮಿತ್‌ನೊಡನೆ ಭೇಟಿಯಾಯಿತು. ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲೆನೆಂದು ಬಂದಿದ್ದ ಆ ವೈದ್ಯನು ಆರು ಗಂಟೆಗಳಿಗೂ ಮಿಕ್ಕು ಕುಳಿತನು. ಏಕೆಂದರೆ ಎದುರಿಗೆ ಕುಳಿತವನು ಬುದ್ಧಿ ಹೇಳಲಿಲ್ಲ, ತನ್ನ ಕಥೆಯನ್ನು ಹೇಳಿಕೊಂಡನು. ನಡುವೆ ಒಮ್ಮೆ ಜಾರಿಬಿದ್ದ ಡಾಕ್ಟರ್ ಬಾಬ್ ಕಡೆಯ ಬಾರಿ ಕುಡಿದುದು ಜೂನ್ 10ರಂದೆಂದು ಎಣಿಸಿ, ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಬಳಗದ ಜನ್ಮದಿನವೆಂದು ಆಚರಿಸುತ್ತಾರೆ. ಇಬ್ಬರೂ ಕೂಡಿ ಮಾಡಿದ ಮೊದಲ ಕಾರ್ಯವೆಂದರೆ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದ ಮೂರನೆಯವನೊಬ್ಬನನ್ನು ಹುಡುಕಿಕೊಂಡು ಹೋದುದು.

1939ರಲ್ಲಿ ಪಾನಮುಕ್ತಿಗಾಗಿ ಬಳಗವು ಅನುಸರಿಸುವ ಹನ್ನೆರಡು ಹೆಜ್ಜೆಗಳ ಕ್ರಮವನ್ನು ನಿರೂಪಿಸುವ ಗ್ರಂಥವು ಪ್ರಕಟವಾದಾಗ ಪಾನಮುಕ್ತರಾದ ಸದಸ್ಯರು ಸುಮಾರು ನೂರು ಮಂದಿ. ಗ್ರಂಥದ ಹೆಸರೇ ಬಳಗದ ಹೆಸರಾಯಿತು. 1941ರ ಮಾರ್ಚ್ 1ರ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಜಾಕ್ ಅಲೆಕ್ಸಾಂಡರ್ ಬರೆದ ಲೇಖನವು ಹೊರಬಿದ್ದಮೇಲೆ ನ್ಯೂಯಾರ್ಕಿನಲ್ಲಿದ್ದ ಬಳಗದ ಪುಟ್ಟ ಕಚೇರಿಗೆ ಪತ್ರಗಳ ಪ್ರವಾಹವೇ ಹರಿದುಬಂದಿತು. ಎರಡು ಸಾವಿರದಷ್ಟಿದ್ದ ಸದಸ್ಯರು ವರ್ಷಾಂತ್ಯಕ್ಕೆ ಎಂಟು ಸಾವಿರವಾದರು. ತಮ್ಮ ಊರಿನಲ್ಲಿ ಇಂತಹ ಸಭೆ ಎಲ್ಲಿದೆಯೆಂದು ಕೇಳಿದವರಿಗೆ ಸಮೀಪದ ಗುಂಪನ್ನು ತಿಳಿಸುವುದೂ, ಗುಂಪಿಲ್ಲದ ಊರಾದರೆ ವ್ಯಾಪಾರಾರ್ಥವಾಗಿ ಸಂಚರಿಸುವ ಸದಸ್ಯರ ಕೈಗೆ ಪತ್ರ ಬರೆದವರ ಹೆಸರುಗಳನ್ನು ಕೊಟ್ಟು ಕಳುಹಿಸುವುದೂ ಕಚೇರಿಯ ನಿತ್ಯಕರ್ಮವಾಯಿತು. ಸಭೆಗಳ ಪಟ್ಟಿ ಬೆಳೆದುದು ಹೀಗೆ.

ಹೆಸರನ್ನು ಮರೆಮಾಡಿದುದಕ್ಕೆ ಲೋಕಾಪವಾದದ ಭಯವು ಮೊದಲಿನ ಕಾರಣವಾದರೂ, 1950ರಲ್ಲಿ ಕ್ಲೀವ್‌ಲೆಂಡಿನ ಸಮ್ಮೇಳನವು ಅಂಗೀಕರಿಸಿದ ಹನ್ನೆರಡು ಸಂಪ್ರದಾಯಗಳು ಅದಕ್ಕೆ ಇನ್ನೂ ಗಹನವಾದ ಅರ್ಥವನ್ನು ಕೊಟ್ಟುವು: ವ್ಯಕ್ತಿಗಿಂತ ತತ್ತ್ವವು ದೊಡ್ಡದು, ಕುಡಿತವನ್ನು ಬಿಡುವ ಇಚ್ಛೆಯೊಂದೇ ಸದಸ್ಯತ್ವಕ್ಕೆ ಅರ್ಹತೆ, ಹೊರಗಿನವರ ಧನಸಹಾಯವು ಸಲ್ಲದು. ಆದುದರಿಂದಲೇ ಇಂದಿಗೂ ಈ ಸಭೆಗಳಲ್ಲಿ ಶುಲ್ಕವಿಲ್ಲ. ಬಾಡಿಗೆಗೂ ಚಹಕ್ಕೂ ಸದಸ್ಯರೇ ಶಕ್ತ್ಯನುಸಾರ ಕಾಸು ಹಾಕುತ್ತಾರೆ. ಒಬ್ಬನು ತನ್ನ ಅನುಭವವನ್ನು ಹೇಳುವಾಗ ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಇಂದು ಒಂದು ದಿನ ಕುಡಿಯದಿದ್ದರೆ ಸಾಕು ಎಂಬುದು ಅಲ್ಲಿನ ಮಾತು.

ಭಾರತಕ್ಕೆ ಈ ಬಳಗವು ಬಂದುದು 1957ರಲ್ಲಿ. ಬೆಂಗಳೂರಿನಲ್ಲಿ ಇಂದು ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ಸಭೆಗಳು ನಡೆಯುತ್ತವೆ. ನಮ್ಮ ನಾಡು ತನ್ನದೇ ಆದ ಇನ್ನೊಂದು ದಾರಿಯನ್ನೂ ಕಂಡುಕೊಂಡಿದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಹಳ್ಳಿಹೋಬಳಿಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ನವಜೀವನ ಸಮಿತಿಗಳಾಗಿ ಕಲೆತು ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಎ.ಎ. ಸಭೆಯು ಹೆಸರನ್ನು ಮುಚ್ಚಿ ಕಾಪಾಡಿದರೆ, ಇಲ್ಲಿ ಹೆಂಡತಿಮಕ್ಕಳೂ ಊರವರೂ ಸಾಕ್ಷಿಗಳಾಗಿ ನಿಂತು ಕಾಪಾಡುತ್ತಾರೆ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಗುಟ್ಟು ನಿಲ್ಲದಷ್ಟೆ! ಮಾರ್ಗಗಳು ಭಿನ್ನವಾದರೂ, ಬಿಟ್ಟವನು ಬಿಡಬೇಕೆನ್ನುವವನ ಬಳಿ ಕುಳಿತುಕೊಳ್ಳಬೇಕೆಂಬ ತತ್ತ್ವವು ಎರಡರಲ್ಲಿಯೂ ಒಂದೇ.

ಇದರಿಂದ ಫಲವುಂಟೆ ಎಂಬ ಪ್ರಶ್ನೆಗೆ, 10,565 ಮಂದಿಯನ್ನು ಒಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿದ 2020ರ ಕಾಕ್ರೇನ್ ಸಮೀಕ್ಷೆಯು ಉತ್ತರವಿತ್ತಿದೆ: ಎ.ಎ. ಸಭೆಗಳೊಡನೆ ಜೋಡಿಸುವ ಕ್ರಮಬದ್ಧ ಚಿಕಿತ್ಸೆಯು ಸಂಪೂರ್ಣ ಪಾನವರ್ಜನೆಯ ವಿಷಯದಲ್ಲಿ ಇತರ ಪ್ರಸಿದ್ಧ ಚಿಕಿತ್ಸೆಗಳನ್ನು ಮೀರಿಸಬಲ್ಲುದು. ಆದರೂ ಸಭೆಯು ವೈದ್ಯನ ಸ್ಥಾನವನ್ನು ತುಂಬಲಾರದು. ಬಹುಕಾಲ ವಿಪರೀತವಾಗಿ ಕುಡಿದವರು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರವೂ ಭ್ರಾಂತಿಯೂ ಉಂಟಾಗಿ ಪ್ರಾಣಾಪಾಯವೇ ಒದಗಬಹುದಾದುದರಿಂದ, ಮೊದಲು ಸಮೀಪದ ಆಸ್ಪತ್ರೆಯನ್ನೋ ನಿಮ್ಹಾನ್ಸ್‌ನಂತಹ ಸಂಸ್ಥೆಯನ್ನೋ ಕಾಣಬೇಕು. ಕೇಂದ್ರಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಸಭೆಯನ್ನು ಅರಸುವವರು ಅದು ಎಲ್ಲರಿಗೂ ತೆರೆದುದೋ, ಬಿಡಬಯಸುವವರಿಗೆ ಮಾತ್ರ ಮೀಸಲಾದುದೋ, ಯಾವ ಭಾಷೆಯದೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಮನೆಯವರಿಗಾಗಿ, ಲೋಯಿಸ್ ವಿಲ್ಸನ್ ಮೊದಲಾದವರು 1951ರಲ್ಲಿ ಕಟ್ಟಿದ ಅಲ್-ಅನಾನ್ ಬಳಗದ ಸಭೆಗಳು ಬೇರೆಯೇ ಇವೆ.

ಮೊದಲ ದಿನ ಬಾಯಿ ತೆರೆಯಲೇಬೇಕೆಂಬ ಕಟ್ಟಳೆಯಿಲ್ಲ. ಒಂದು ಸಭೆ ಮನಸ್ಸಿಗೆ ಒಗ್ಗದಿದ್ದರೆ ಮತ್ತೊಂದನ್ನು ನೋಡಬಹುದು. ಹೊಸಬನು ತಾನು ಉಪಕಾರವನ್ನು ಬೇಡಲು ಹೋಗುತ್ತಿದ್ದೇನೆಂದು ಕುಗ್ಗಬೇಕಾದುದಿಲ್ಲ. ಅವನಿಗೆ ಆ ಸಭೆಯು ಎಷ್ಟು ಬೇಕೋ ಆ ಸಭೆಗೆ ಅವನೂ ಅಷ್ಟೇ ಬೇಕು. ಸಂಕೋಚವನ್ನು ಬಿಟ್ಟು ಈ ವಾರವೇ ಹೋಗಲಿ.