ಮಳೆಗಾಲದ ಒಲೆಗೆ ಬೇಸಿಗೆಯ ಕಟ್ಟಿಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಗ್ಯಾಸ್ ಬಂದ ಮೇಲೂ ರೊಟ್ಟಿಗೆ, ಸ್ನಾನದ ನೀರಿಗೆ ಒಲೆಯೇ ಬೇಕೆನ್ನುವ ಮನೆಗಳಿವೆ. ಬಳ್ಳಾರಿ ಜಾಲಿ, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯೇ ಉರುವಲು. ಮಳೆ ಹಿಡಿದರೆ ಊದುಗೊಳವೆಯ ಮುಂದೆ ಕೂತು ಕಣ್ಣೀರು ಸುರಿಸುವುದು ಎಷ್ಟೋ ತಾಯಂದಿರ ಪಾಡು.

ಇದಕ್ಕೆ ಕಾರಣವೇನು? ಹಸಿ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಶಾಖ ಮೊದಲು ಆ ನೀರನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಉರಿ ಏಳುವುದಿಲ್ಲ, ಹೊಗೆ ಹೆಚ್ಚುತ್ತದೆ, ಕಟ್ಟಿಗೆಯೂ ಜಾಸ್ತಿ ಬೇಕು. ಒಲೆ, ದೀಪಗಳ ಹೊಗೆಯಿಂದ ಮನೆಯೊಳಗೆ ಕೆಡುವ ಗಾಳಿ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರ ಸಾವಿಗೆ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಸಹೋದರಿಯರೇ, ಉಪಾಯ ಸುಲಭ. ಫೆಬ್ರವರಿಯೊಳಗೆ ಕಟ್ಟಿಗೆ ಕಡಿಸಿ, ದಪ್ಪನೆಯದನ್ನು ಸೀಳಿಸಿ. ಕೆಳಗೆ ಕಲ್ಲಿಟ್ಟು ಗಾಳಿಯಾಡುವಂತೆ ಒಟ್ಟಿ. ನಮ್ಮ ಬಿಸಿಲೇ ಒಣಗಿಸುತ್ತದೆ. ಜೂನ್ ಮಳೆಗೆ ಮುಂಚೆ ಮೇಲೆ ತಗಡು ಹೊದಿಸಿ, ಬದಿ ತೆರೆದಿರಲಿ. ಹಾವು ಚೇಳು ಸೇರುವುದರಿಂದ ಮನೆಯಿಂದ ತುಸು ದೂರವಿರಲಿ. ತುದಿ ಬಿರುಕು ಬಿಟ್ಟು, ತೊಗಟೆ ಕಳಚಿ, ಎರಡನ್ನು ತಟ್ಟಿದಾಗ ‘ಠಣ್’ ಎಂದರೆ ಒಣಗಿದೆ ಎಂದರ್ಥ.

ಒಣ ಕಟ್ಟಿಗೆಯಲ್ಲೂ ಹೊಗೆ ಇದ್ದೇ ಇದೆ. ಕಿಟಕಿ ತೆರೆದಿಡಿ, ಹಸುಗೂಸನ್ನು ಒಲೆಯ ಬಳಿ ಮಲಗಿಸಬೇಡಿ.